ಫೋಟೋ ಅಂದವಿರಲಿ, ಮುಖ ನಮ್ಮದೇ ಇರಲಿ

ಸೋದರಿಯರೇ, ನಿಮ್ಮ ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿರುವ ಫೋಟೋಗಳನ್ನು ಒಮ್ಮೆ ಎಣಿಸಿ ನೋಡಿ. ಪಟಕಾ ಸುತ್ತಿದ ಅಜ್ಜ ಇದ್ದಾರೆ. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತ ದೊಡ್ಡಪ್ಪ ಇದ್ದಾರೆ. ಅಜ್ಜಿ ಎಲ್ಲಿ? ಇದ್ದರೂ ಮದುವೆಯ ಗುಂಪಿನ ಯಾವುದೋ ಮೂಲೆಯಲ್ಲಿ, ಸೆರಗು ಹಣೆಯ ಮೇಲೆ ಎಳೆದುಕೊಂಡು, ಅರ್ಧ ಮುಖ ತೋರಿಸಿ ನಿಂತಿರುತ್ತಾಳೆ. ಅವಳೊಬ್ಬಳದೇ ಎಂದು ಒಂದು ಫೋಟೋ ಇರುವ ಮನೆಗಳು ಕಡಿಮೆ. "ನನ್ನದ್ಯಾಕ ಫೋಟೋ, ಹುಡುಗರದ್ದು ತೆಗೀರಿ" ಎಂದು ಒಲೆಯ ಮುಂದೆಯೇ ಉಳಿದವಳು ಅವಳು.

ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಮುಕ್ಕುಂದದಂಥ ಊರುಗಳಲ್ಲಿ ಒಂದು ಕಾಲಕ್ಕೆ ಫೋಟೋ ತೆಗೆಸುವುದೆಂದರೆ ಪೇಟೆಗೆ ಹೋಗಬೇಕು, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕು, ದುಡ್ಡು ಕೊಟ್ಟು ವಾರ ಕಾಯಬೇಕು. ಈಗ ಹಾಗಿಲ್ಲ. ನಾಟಿಗೆ ಹೋಗುವ ಹೆಣ್ಣುಮಗಳ ಸೊಂಟದ ಚೀಲದಲ್ಲೂ ಕ್ಯಾಮರಾ ಇರುವ ಫೋನು ಇರುತ್ತದೆ. ಆದರೆ ಕೈಯಲ್ಲಿ ಕ್ಯಾಮರಾ ಬಂದ ಮಾತ್ರಕ್ಕೆ ಫೋಟೋ ಚೆನ್ನಾಗಿ ಬಂದೀತೆ? ಬಂದದ್ದು ಬಾಳೀತೆ? ಅದೇ ಇಂದಿನ ಮಾತು.

ಎರಡು ಕೂಸುಗಳ ಕಥೆ

ಈ ಡಿಜಿಟಲ್ ಚಿತ್ರ ಹುಟ್ಟಿದ್ದು ಹೇಗೆ ಗೊತ್ತೆ? 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ಎಂಜಿನಿಯರು ಒಂದು ಫೋಟೋವನ್ನು ಚುಕ್ಕೆಗಳಾಗಿ ಒಡೆದು ಗಣಕಯಂತ್ರದೊಳಗೆ ಇಳಿಸಿದರು. ಜಗತ್ತಿನ ಆ ಮೊದಲ ಡಿಜಿಟಲ್ ಚಿತ್ರ ಯಾವ ರಾಜನದ್ದೂ ಅಲ್ಲ, ಕಟ್ಟಡದ್ದೂ ಅಲ್ಲ. ಅವರದೇ ಮೂರು ತಿಂಗಳ ಕೂಸಿನ ಮುಖ. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆ, ಅಂದರೆ ಒಟ್ಟು ಸುಮಾರು 31 ಸಾವಿರ ಚುಕ್ಕೆಗಳು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮರಾ ಕಟ್ಟಿದಾಗ ಅದರ ತೂಕ ಮೂರೂವರೆ ಕಿಲೋಗಿಂತ ಹೆಚ್ಚು. ಒಂದು ಚಿತ್ರ ಟೇಪಿನ ಮೇಲೆ ಇಳಿಯಲು 23 ಸೆಕೆಂಡು ಬೇಕಿತ್ತು. 1997ರ ಜೂನ್ 11ರಂದು ಫಿಲಿಪ್ ಕಾನ್ ಎಂಬವರು ಹೆರಿಗೆ ಆಸ್ಪತ್ರೆಯಲ್ಲಿ ತಮ್ಮ ಫೋನಿಗೆ ಒಂದು ಪುಟ್ಟ ಕ್ಯಾಮರಾ ಜೋಡಿಸಿ, ಆಗ ತಾನೆ ಹುಟ್ಟಿದ ಮಗಳ ಚಿತ್ರವನ್ನು ಬಂಧುಬಳಗಕ್ಕೆ ಕಳಿಸಿದರು. ಅದು ಫೋನಿನಿಂದ ಹೋದ ಮೊದಲ ಫೋಟೋಗಳಲ್ಲೊಂದು.

ನೋಡಿದಿರಾ? ಎರಡು ಸಲವೂ ಮುಂದೆ ಇದ್ದದ್ದು ಮನೆಯ ಕೂಸೇ. ಈ ವಿದ್ಯೆ ಗಂಡಸರ ಯಂತ್ರಗಾರಿಕೆ, ನಮಗೇಕೆ ಎನ್ನುವ ಅಳುಕು ಬೇಡ. ಇದು ಹುಟ್ಟಿದ್ದೇ ಮನೆಯ ಪ್ರೀತಿಗೆ.

ಮೊದಲು ಬೆಳಕು, ಆಮೇಲೆ ಫೋನು

ದುಬಾರಿ ಫೋನು ಬೇಕೇ ಬೇಕೆಂದೇನಿಲ್ಲ. ಬೆಳಕು ಬಲ್ಲವಳ ಕೈಯಲ್ಲಿ ಸಾಧಾರಣ ಫೋನೂ ಚಿನ್ನವಾಗುತ್ತದೆ. ಕೆಳಗಿನ ಮಾತುಗಳನ್ನು ನೆನಪಿಡಿ:

1. ತೆಗೆಯುವ ಮುಂಚೆ ಫೋನಿನ ಹಿಂದಿನ ಗಾಜನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿ. ಒಗ್ಗರಣೆಯ ಕೈಯ ಜಿಡ್ಡು ಅಲ್ಲಿ ಕೂತಿರುತ್ತದೆ. "ಫೋನು ಮಂಜು ಹಿಡದದ" ಎನ್ನುವ ದೂರು ಎಷ್ಟೋ ಸಲ ಇಷ್ಟರಲ್ಲೇ ತೀರಿಹೋಗುತ್ತದೆ.

2. ನಮ್ಮ ರಾಯಚೂರು ಸೀಮೆಯ ಬಿಸಿಲು ನಿಮಗೆ ಹೇಳಬೇಕಾದದ್ದಿಲ್ಲ. ನಡುಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಕಣ್ಣಗುಳಿ ಕಪ್ಪಾಗುತ್ತದೆ, ಮೂಗಿನ ತುದಿ ಬೆಳ್ಳಗೆ ಹೊಳೆಯುತ್ತದೆ. ಬೆಳಗಿನ ಹೊತ್ತು, ಇಲ್ಲವೇ ಹೊತ್ತು ಇಳಿಯುವಾಗ ತೆಗೆಯಿರಿ. ಮಧ್ಯಾಹ್ನವೇ ಆಗಬೇಕಿದ್ದರೆ ಬೇವಿನ ಮರದ ಗಟ್ಟಿ ನೆರಳು ಹುಡುಕಿ. ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆ ಮುಖದ ಮೇಲೆ ಬೀಳದಿರಲಿ.

3. ಹಳೆಯ ಮಾಳಿಗೆ ಮನೆಗಳ ತಲಬಾಗಿಲು ಒಂದು ಸ್ಟುಡಿಯೋಗೆ ಸಮ. ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ, ಮುಖ ಹೊರಬೆಳಕಿಗೆ ತುಸು ಓರೆಯಾಗುವಂತೆ ಅವ್ವನನ್ನು ಕೂರಿಸಿ. ನೀವು ಹೊರಗೆ ನಿಂತು ತೆಗೆಯಿರಿ. ಹಿಂದಿನ ಕತ್ತಲೆ ತಾನೇ ಪರದೆಯಾಗುತ್ತದೆ, ಮುಖದ ಒಂದೊಂದು ಗೆರೆಯೂ ಮೃದುವಾಗಿ ಮೂಡುತ್ತದೆ.

4. ಫೋನಿನ ಪರದೆಯಲ್ಲಿ ಕಾಣುವ ಮುಖದ ಮೇಲೆ ಬೆರಳಿಟ್ಟು ಒತ್ತಿ. ಬೆಳಕು ಮತ್ತು ನಿಚ್ಚಳ ಎರಡೂ ಅಲ್ಲಿಗೆ ಹೊಂದಿಕೊಳ್ಳುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿದರೆ ಚಿತ್ರ ಬೆಳ್ಳಗೆ, ಕಪ್ಪಗೆ ಆಗುತ್ತದೆ.

5. ಬೆರಳಿನಿಂದ ಹಿಗ್ಗಿಸಿ 'ಜೂಮ್' ಮಾಡುವುದಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗುವುದು ಮೇಲು. ಹಾಗೆಂದು ಮೂಗಿನ ಹತ್ತಿರವೇ ಹಿಡಿದರೆ ಮೂಗು ದಪ್ಪಗೆ ಕಾಣುತ್ತದೆ. ಒಂದು ಮಾರು ದೂರವಿರಲಿ.

6. ಮಕ್ಕಳನ್ನು ತೆಗೆಯುವಾಗ ನೀವು ನೆಲಕ್ಕೆ ಕೂರಿ. ಕೂಸಿನ ಕಣ್ಣಿನ ಮಟ್ಟಕ್ಕೆ ಕ್ಯಾಮರಾ ಬಂದರೆ ಕೂಸಿನ ಲೋಕವೇ ಬೇರೆ ಕಾಣುತ್ತದೆ.

ಇನ್ನೊಂದು ಮಾತು. ಹಬ್ಬ, ಮದುವೆ, ತೊಟ್ಟಿಲು, ಇವಿಷ್ಟಕ್ಕೇ ಫೋಟೋ ಮೀಸಲಿರಬೇಕೆ? ಕಾಲುವೆ ನೀರು ಬಂದ ಗದ್ದೆಯಲ್ಲಿ ಸಾಲಾಗಿ ಬಗ್ಗಿ ಭತ್ತ ನಾಟಿ ಮಾಡುವವರು, ರೊಟ್ಟಿ ಬಡಿಯುವ ಅತ್ತೆಯ ಕೈ, ಕೌದಿ ಹೊಲಿಯುವ ಓಣಿಯ ಹೆಂಗಸರು, ಇವೂ ನಮ್ಮ ಬಾಳೇ ತಾನೆ? ನಾಟಿಗದ್ದೆಯ ನೀರು ಬೆಳಕನ್ನು ಕೆಳಗಿನಿಂದ ಮುಖಕ್ಕೆ ಎಸೆಯುತ್ತದೆ. ಬೆಳಗಿನ ಹೊತ್ತು ಅಲ್ಲಿ ತೆಗೆದ ಚಿತ್ರಕ್ಕೆ ಯಾವ ದೀಪವೂ ಬೇಡ.

ಇವತ್ತಿನ ಸಾಧಾರಣ, ನಾಳಿನ ಸಾಕ್ಷಿ

ಇದೇ ತುಂಗಭದ್ರೆಯ ದಂಡೆಯ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಸೆರೆಹಿಡಿದಿದ್ದ. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಇಂದು ಹೋಗಿ ನೋಡಿದರೆ ಆ ಗೋಪುರವಿಲ್ಲ. ಆ ಫೋಟೋ ಉಳಿದದ್ದರಿಂದ ರಥ ಮೊದಲು ಹೇಗಿತ್ತೆಂಬುದನ್ನು ಇಂದಿಗೂ ಕಣ್ಣಾರೆ ಕಾಣಬಹುದು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಅಂದಿನದು ಇಂದಿನದು ಪಕ್ಕಪಕ್ಕ ಇಟ್ಟರೆ ಕಾಲವೇ ಕಣ್ಣೆದುರು ಬರುತ್ತದೆ.

ನೀವೂ ಹಾಗೆ ಮಾಡಬಹುದು. ಊರಿನ ಅಗಸಿ, ಬಾವಿ, ಗುಡಿಯ ಕಟ್ಟೆ, ನಿಮ್ಮ ಮನೆಯ ಮುಂಭಾಗ, ಇವನ್ನು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ತೆಗೆದಿಡಿ. ಮಸ್ಕಿಗೆ ಹೋದಾಗ ಅಶೋಕನ ಬಂಡೆ ಶಾಸನವನ್ನು ನೋಡಿಬನ್ನಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಅದನ್ನು ಕಂಡುಹಿಡಿದ ಮೇಲೆಯೇ, ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂಬುದು ಹೆಸರಿನ ಸಮೇತ ಖಚಿತವಾಯಿತು. ಕಲ್ಲಿನ ಅಕ್ಷರ ತೆಗೆಯುವ ಗುಟ್ಟು ಇಷ್ಟೇ: ಎದುರು ಬೆಳಕಿನಲ್ಲಿ ಅಕ್ಷರ ಕಾಣವು, ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ. ಸುಣ್ಣ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಶಾಸನದ ಮೇಲೆ ಬಳಿಯಬಾರದು.

ಇಂಥ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್ ಎಂಬ ಉಚಿತ ಭಂಡಾರಕ್ಕೆ ನಿಮ್ಮ ಹೆಸರಿನಲ್ಲೇ ಸೇರಿಸಬಹುದು. 2004ರಿಂದ ಅದು ನಡೆಯುತ್ತಿದೆ. ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಚಿತ್ರಗಳು ಅಲ್ಲಿಂದಲೇ ಬರುತ್ತವೆ. ನೀವೇ ತೆಗೆದದ್ದಾಗಿರಬೇಕು, ಅಷ್ಟೇ. ಒಮ್ಮೆ ಕೊಟ್ಟ ಮೇಲೆ ಯಾರಾದರೂ ಬಳಸಬಹುದಾದ್ದರಿಂದ ಮನೆಯವರ ಮುಖದ ಚಿತ್ರ ಅಲ್ಲಿಗೆ ಬೇಡ. ಊರಿನ ಚಿತ್ರ ಸಾಕು.

ಹಳೆಯ ಫೋಟೋ ಉಳಿಸಿಕೊಳ್ಳುವ ಬಗೆ

ಹೊಸ ಫೋಟೋ ಇವತ್ತಲ್ಲದಿದ್ದರೆ ನಾಳೆ ತೆಗೆದೇವು. ಹೋದವರ ಫೋಟೋ ಮತ್ತೆ ತೆಗೆಯಲಾದೀತೆ? ಗೆದ್ದಲು, ತೇವ, ಬಿಸಿಲು, ಅಂಟು ಹಾಳೆಯ ಆಲ್ಬಂ, ಇವೆಲ್ಲ ಫೋಟೋದ ವೈರಿಗಳು. ಎಲ್ಲಕ್ಕಿಂತ ದೊಡ್ಡ ವೈರಿ ನೆರೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯದೊಳಗೇ ನೀರು ನುಗ್ಗಿದ್ದು ಹೊಳೆದಂಡೆಯವರಿಗೆ ಮರೆತಿಲ್ಲ. ನೆರೆ ಬಂದಾಗ ಜೀವ ಮೊದಲು, ದನಕರು ಆಮೇಲೆ, ಕಾಳುಕಡಿ ಅದರಾಚೆ. ಗೋಡೆಯ ಮೇಲಿನ ಫೋಟೋ ನೆನಪಾಗುವುದು ನೀರು ಇಳಿದ ಮೇಲೆಯೇ. ಆದ್ದರಿಂದ ಈಗಲೇ ಒಂದು ಭಾನುವಾರ ಬಿಡುವು ಮಾಡಿಕೊಂಡು ಈ ಕೆಲಸ ಮುಗಿಸಿ:

ಫೋಟೋವನ್ನು ಚೌಕಟ್ಟಿನಿಂದ ಮೆಲ್ಲಗೆ ಹೊರತೆಗೆಯಿರಿ. ಗಾಜಿಗೆ ಅಂಟಿದ್ದರೆ ಎಳೆಯಲೇಬೇಡಿ, ಮುಖದ ಪದರವೇ ಗಾಜಿಗೆ ಕಿತ್ತುಬರುತ್ತದೆ. ಗಾಜಿನ ಸಮೇತವೇ ಪ್ರತಿ ತೆಗೆಯಿರಿ. ನೆರಳಿರುವ ಕಟ್ಟೆಯ ಮೇಲೆ ಒಂದು ಬಿಳಿ ಹಾಳೆ ಹಾಸಿ, ಅದರ ಮೇಲೆ ಫೋಟೋ ಇಡಿ. ಫೋನನ್ನು ಫೋಟೋಕ್ಕೆ ಸಮಾನಾಂತರವಾಗಿ, ನೇರ ಮೇಲಿನಿಂದ ಹಿಡಿಯಿರಿ. ಓರೆಯಾದರೆ ಅಜ್ಜನ ತಲೆ ದೊಡ್ಡದು, ಕಾಲು ಸಣ್ಣದು ಆಗುತ್ತದೆ. ಫ್ಲಾಶ್ ಬೇಡ. ಹೊಳಪು ಬಿದ್ದರೆ ಮಗ್ಗುಲಲ್ಲಿ ಒಬ್ಬರು ಕಪ್ಪು ಕಂಬಳಿ ಅಡ್ಡ ಹಿಡಿಯಲಿ. ಗೂಗಲ್‌ನ 'ಫೋಟೋಸ್ಕ್ಯಾನ್' ಎಂಬ ಉಚಿತ ಆ್ಯಪ್ 2016ರಲ್ಲಿ ಬಂದದ್ದು. ಅದು ನಾಲ್ಕಾರು ಕಡೆಯಿಂದ ತೆಗೆದು ಹೊಳಪನ್ನು ತಾನೇ ಅಳಿಸುತ್ತದೆ.

ಫೋಟೋದ ಬೆನ್ನನ್ನೂ ತೆಗೆಯಲು ಮರೆಯಬೇಡಿ. ಅಲ್ಲಿ ಸ್ಟುಡಿಯೋದ ಮುದ್ರೆ, ತಾರೀಖು, ಯಾರದೋ ಕೈಬರಹ ಇರುತ್ತದೆ.

ಪೇಟೆಯಲ್ಲಿ ಸ್ಕ್ಯಾನ್ ಮಾಡಿಸುವುದಾದರೆ ಈ ಲೆಕ್ಕ ಹೇಳಿ: ಇದ್ದ ಅಳತೆಗೇ ಮುದ್ರಿಸಲು ಅಂಗುಲಕ್ಕೆ 300 ಚುಕ್ಕೆ, ಇಮ್ಮಡಿ ದೊಡ್ಡದು ಮಾಡಲು 600, ಪಾಸ್‌ಪೋರ್ಟ್ ಅಳತೆಯ ಸಣ್ಣ ಫೋಟೋವಾದರೆ 1200. "ಎಷ್ಟಾದರೂ ಮಾಡ್ರಿ" ಎಂದು ಬಿಟ್ಟುಬರಬೇಡಿ.

ಒದ್ದೆಯಾದ ಫೋಟೋಗಳು ಒಂದಕ್ಕೊಂದು ಅಂಟಿ ಒಣಗಲು ಬಿಡಬಾರದು. ಒದ್ದೆಯಿರುವಾಗಲೇ ಶುದ್ಧ ತಣ್ಣೀರಿನಲ್ಲಿ ಬಿಡಿಸಿ, ಮುಖ ಮೇಲಾಗಿ ನೆರಳಿನಲ್ಲಿ ಹರವಿ ಒಣಗಿಸಿ. ಮುಖದ ಭಾಗವನ್ನು ಒರೆಸಬೇಡಿ.

ಎಲ್ಲಕ್ಕಿಂತ ಮುಖ್ಯ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇವರ್ಯಾರು, ಯಾವ ಊರು, ಯಾವ ವರ್ಷ" ಎಂದು ಕೇಳಿ ಬರೆದಿಡಿ. ಹೆಸರಿಲ್ಲದ ಫೋಟೋ ಎರಡು ತಲೆಮಾರಿಗೆ ಅನಾಥವಾಗುತ್ತದೆ.

ತಿದ್ದುವುದು ಎಲ್ಲಿಯವರೆಗೆ?

ಫೋಟೋ ತಿದ್ದುವುದು ಹೊಸದೇನಲ್ಲ. ಹಿಂದೆ ಸ್ಟುಡಿಯೋದವರು ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ ಮುಚ್ಚುತ್ತಿದ್ದರು. ಕಪ್ಪು-ಬಿಳುಪು ಚಿತ್ರಕ್ಕೆ ಕುಂಚ ಹಿಡಿದು ಕೆನ್ನೆಗೆ ಕೆಂಪು ತುಂಬುತ್ತಿದ್ದರು. ಈಗ ಆ ಕೆಲಸ ಬೆರಳ ತುದಿಗೆ ಬಂದಿದೆ. ಗೂಗಲ್‌ನ ಸ್ನ್ಯಾಪ್‌ಸೀಡ್ ಫೋನಿಗೆ ಉಚಿತ. ಕಂಪ್ಯೂಟರ್ ಇರುವವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶ 1996ರಿಂದಲೂ ಇದೆ.

ಮೊದಲ ನಿಯಮ: ಮೂಲ ಪ್ರತಿಯನ್ನು ಮುಟ್ಟಬೇಡಿ. ಅದರ ನಕಲು ಮಾಡಿ, ನಕಲನ್ನು ತಿದ್ದಿ. ತಿದ್ದುವ ಕ್ರಮ ಅಡುಗೆಯ ಕ್ರಮದಂತೆಯೇ. ಮೊದಲು ಹಸನು ಮಾಡುವುದು, ಅಂದರೆ ಬೇಡದ ಅಂಚು ಕತ್ತರಿಸಿ ಸೊಟ್ಟ ನೇರ ಮಾಡುವುದು. ಆಮೇಲೆ ಬೆಳಕು, ಆಮೇಲೆ ಬಣ್ಣ, ಆಮೇಲೆ 'ಹೀಲಿಂಗ್' ಸಾಧನದಿಂದ ಗೀರು, ಕಲೆ ಅಳಿಸುವುದು. ಚೂಪು ಮಾಡುವುದು ಕಟ್ಟಕಡೆಗೆ, ಉಪ್ಪಿನ ಹಾಗೆ ಚಿಟಿಕೆಯಷ್ಟೇ. ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಹೆಚ್ಚಾಗಿದ್ದರೆ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. ಮಸುಕಾದ ಫೋಟೋ ಕೊಟ್ಟರೆ ಕ್ಷಣದಲ್ಲಿ ಹೊಚ್ಚಹೊಸದಾಗಿ, ಬಣ್ಣದಲ್ಲಿ ಮಾಡಿಕೊಡುವ ಆ್ಯಪ್‌ಗಳು ಈಗ ಹತ್ತಾರು. ಇಂಥ ಮಾತುಕತೆ ಯಾವ ಮನೆಯಲ್ಲೂ ನಡೆಯಬಹುದು:

"ಅತ್ತಿ, ನೋಡ್ರಿ, ಆಯಿ ಫೋಟೋ ಎಷ್ಟು ಚಲೋ ಆಗ್ಯಾದ!"

"ಚಲೋ ಆಗ್ಯಾದವ್ವಾ. ಆದರ ಇಕಿ ನಮ್ಮವ್ವ ಅಲ್ಲ."

ಅತ್ತೆಯ ಮಾತು ನಿಜ. ಆ ಯಂತ್ರ ಮಸುಕಿನ ಹಿಂದೆ ಇದ್ದ ಮುಖವನ್ನು ಹುಡುಕಿ ತರುವುದಿಲ್ಲ. ತಾನು ಮೊದಲು ಕಂಡ ಲಕ್ಷಗಟ್ಟಲೆ ಬೇರೆ ಮುಖಗಳ ಆಧಾರದ ಮೇಲೆ ಹೀಗಿದ್ದೀತು ಎಂದು ಊಹಿಸಿ ಹೊಸದಾಗಿ ಬರೆಯುತ್ತದೆ. ಗದ್ದದ ಮೇಲಿನ ಹಚ್ಚೆಯ ಚುಕ್ಕೆಯನ್ನು ಕಲೆ ಎಂದು ಅಳಿಸುತ್ತದೆ. ಓರೆ ಹಲ್ಲನ್ನು ನೆಟ್ಟಗೆ ಮಾಡುತ್ತದೆ. ಬಣ್ಣ ಬೆಳ್ಳಗೆ ಮಾಡುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿಗೆ ಯಾವುದೋ ನೀಲಿ ಹಚ್ಚುತ್ತದೆ. ಕಪ್ಪು-ಬಿಳುಪು ಚಿತ್ರದಲ್ಲಿ ಸೀರೆಯ ಬಣ್ಣ ಇಲ್ಲವೇ ಇಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಿರುವುದು ಆ ಸೀರೆಯನ್ನು ಕಣ್ಣಾರೆ ಕಂಡವರಿಗೆ ಮಾತ್ರ.

ಗೀರು ಅಳಿಸಿ, ಮಸುಕು ತಿಳಿಯಾಗಿಸಿ, ತಪ್ಪಿಲ್ಲ. ಕಣ್ಣು, ಮೂಗು, ಬಾಯಿಗೆ ಯಂತ್ರದ ಕೈ ಹಚ್ಚುವಾಗ ಮಾತ್ರ ಹತ್ತು ಸಲ ಯೋಚಿಸಿ. ಹಾಗೆ ಮಾಡಿಸಿದರೆ ಹಿಂಬದಿಗೆ 'ಯಂತ್ರ ತಿದ್ದಿದ್ದು' ಎಂದು ಬರೆದು, ಮೂಲವನ್ನೂ ಜೊತೆಗಿಡಿ. ಇಲ್ಲದಿದ್ದರೆ ಮೊಮ್ಮಕ್ಕಳು ಯಾರದೋ ಮುಖಕ್ಕೆ ಹೂವು ಏರಿಸಿ ಕೈಮುಗಿಯುತ್ತಾರೆ.

ವಧುವಿನ ಫೋಟೋ ತೋರಿಸುವಾಗಲೂ ಇದೇ ಮಾತು. ಬೆಳ್ಳಗೆ ಮಾಡಿ ಕಳಿಸಿದ ಫೋಟೋ ಹುಡುಗಿಯನ್ನು ನೋಡಲು ಬಂದ ದಿನವೇ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಿನ ನೋವೆಂದರೆ, "ನೀನು ಇರೋ ಹಾಂಗ ಸಾಲದು" ಎಂದು ನಾವೇ ಮಗಳಿಗೆ ಹೇಳಿದಂತಾಗುತ್ತದೆ.

ನಾಲ್ಕು ಕಾಸು ಬರುವ ಫೋಟೋ

ಸ್ವಸಹಾಯ ಸಂಘದ ಸೋದರಿಯರು ಶಾವಿಗೆ, ಹಪ್ಪಳ, ಸೇಂಗಾ ಹಿಂಡಿ, ಖಡಕ್ ರೊಟ್ಟಿ, ಕೌದಿ ಮಾರುತ್ತಾರೆ. ದೂರದ ಗಿರಾಕಿಗೆ ಫೋಟೋವೇ ಅಂಗಡಿ. ರೊಟ್ಟಿಯ ಗಂಟನ್ನು ಕಿಟಕಿಯ ಪಕ್ಕ ಇಟ್ಟು ಓರೆ ಬೆಳಕಿನಲ್ಲಿ ತೆಗೆಯಿರಿ, ರೊಟ್ಟಿಯ ಮೇಲಿನ ಗುಳ್ಳೆ, ಎಳ್ಳು ಎದ್ದು ಕಾಣುತ್ತದೆ. ತಟ್ಟೆಯ ಊಟವನ್ನು ನೇರ ಮೇಲಿನಿಂದ ತೆಗೆದರೆ ಒಳ್ಳೇದು. ಕೌದಿಯನ್ನು ನೆರಳಿನ ಹಗ್ಗಕ್ಕೆ ಹರವಿ ಪೂರ್ತಿ ಒಂದು, ಹೊಲಿಗೆಯ ಹತ್ತಿರದ್ದು ಒಂದು, ಹಿಂಬದಿಯದು ಒಂದು ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಬ್ಬರು ನಿಲ್ಲಲಿ. ಹಳದಿ ಬಲ್ಬಿನ ಬೆಳಕಿನಲ್ಲಿ ಬಟ್ಟೆಯ ಬಣ್ಣ ಕೆಡುತ್ತದೆ, ಹಗಲು ಬೆಳಕೇ ಸರಿ. ಬಣ್ಣ ಹೆಚ್ಚು ಮಾಡಿ ತೋರಿಸಿದರೆ ಸಾಮಾನು ವಾಪಸು ಬರುತ್ತದೆ, ಗಿರಾಕಿ ಬರುವುದಿಲ್ಲ.

ಬಿತ್ತನೆ ಬೀಜದಂತೆ ಕಾಪಾಡಿ

ಬಿತ್ತನೆ ಬೀಜವನ್ನು ಒಂದೇ ಮಡಕೆಯಲ್ಲಿ ಇಡುತ್ತೇವೆಯೇ? ಫೋಟೋವೂ ಹಾಗೆಯೇ. ಫೋನು ನೀರಿಗೆ ಬಿದ್ದರೆ ಹತ್ತು ವರ್ಷದ ನೆನಪು ಮುಳುಗಿತು. ಮುಖ್ಯವಾದವು ಮೂರು ಕಡೆ ಇರಲಿ: ಒಂದು ಫೋನಿನಲ್ಲಿ, ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ, ಒಂದು ಮನೆಯಿಂದ ದೂರ. ಬೇರೆ ಊರಿನ ತಂಗಿಯ ಮನೆಯಾದರೂ ಸರಿ, ಗೂಗಲ್ ಫೋಟೋಸ್‌ನಂಥ ಅಂತರಜಾಲದ ಉಗ್ರಾಣವಾದರೂ ಸರಿ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ. 2021ರ ಜೂನ್ 1ರಿಂದ ಹಾಕಿದ ಫೋಟೋಗಳೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಒಂದು ಫೋಟೋಕ್ಕೆ 3 ಎಂಬಿ ಎಂದರೂ ಐದು ಸಾವಿರ ಫೋಟೋ ಹಿಡಿದೀತು. ಆದ್ದರಿಂದ 'ಶುಭೋದಯ' ಚಿತ್ರಗಳನ್ನು ಅಳಿಸಿ, ಅವ್ವನ ಚಿತ್ರಕ್ಕೆ ಜಾಗ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೋ ಕುಗ್ಗಿಹೋಗುತ್ತದೆ. 2023ರಿಂದ ಅದರಲ್ಲಿ 'ಎಚ್‌ಡಿ' ಎಂಬ ಗುಂಡಿ ಇದೆ. ಅದಕ್ಕಿಂತ ಮೇಲೆಂದರೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸುವುದು, ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಮುದ್ರಣಕ್ಕೆ ಲೆಕ್ಕ ಬೇಕೆ? 4×6 ಅಂಗುಲದ ಪ್ರತಿಗೆ 1200×1800 ಚುಕ್ಕೆ, 8×12ಕ್ಕೆ 2400×3600 ಚುಕ್ಕೆ ಇದ್ದರೆ ನಿಚ್ಚಳ. ವರ್ಷಕ್ಕೆ ಹನ್ನೆರಡಾದರೂ ಫೋಟೋ ಕಾಗದಕ್ಕೆ ಇಳಿಸಿ. ಬಿಸಿಲು ಬೀಳದ, ಅಡುಗೆಯ ಹೊಗೆ ತಾಗದ ಗೋಡೆಗೆ ತೂಗುಹಾಕಿ.

ಎಚ್ಚರಿಕೆ, ಹೆದರಿಕೆಯಲ್ಲ

ಫೋಟೋ ತೆಗೆಯುವ ಮುಂಚೆ ಕೇಳಿ, ಹಂಚುವ ಮುಂಚೆ ಇನ್ನೊಮ್ಮೆ ಕೇಳಿ. ತಂಗಿಯಾದರೂ ಸೊಸೆಯಾದರೂ ಅವಳ ಮುಖ ಅವಳದು. ಕ್ಯಾಮರಾದ ಸೆಟ್ಟಿಂಗ್ಸಿನಲ್ಲಿ 'ಲೊಕೇಶನ್' ಆರಿಸಿಡಿ, ಇಲ್ಲವಾದರೆ ಚಿತ್ರದೊಳಗೆ ಮನೆಯ ವಿಳಾಸವೂ ಹೋದಂತೆ. ಮಕ್ಕಳ ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೋ, ಸ್ನಾನದ ಫೋಟೋ ಎಲ್ಲೂ ಹಾಕಬೇಡಿ. ಗುರುತಿಲ್ಲದ ಆ್ಯಪ್‌ಗೆ ನಿಮ್ಮ ಮುಖ ಕೊಡಬೇಡಿ.

ಯಾರಾದರೂ ನಿಮ್ಮ ಫೋಟೋ ಕೆಡಿಸಿ, ಅಸಹ್ಯವಾಗಿ ಜೋಡಿಸಿ ಹೆದರಿಸಿದರೆ? ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಬಂದ ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ಅದೇ ಸಾಕ್ಷಿ. ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಹೆಂಗಸರು, ಮಕ್ಕಳ ಮೇಲಿನ ಇಂಥ ಅಪರಾಧಕ್ಕೆ ಪ್ರತ್ಯೇಕ ವಿಭಾಗವಿದೆ. ದುಡ್ಡು ಹೋಗಿದ್ದರೆ 1930ಕ್ಕೆ, ತುರ್ತು ಇದ್ದರೆ 112ಕ್ಕೆ, ಮಹಿಳಾ ಸಹಾಯವಾಣಿ ಬೇಕಿದ್ದರೆ 181ಕ್ಕೆ ಫೋನು ಮಾಡಿ. 18 ತುಂಬಿದವರಿಗೆ 2021ರಿಂದ 'ಸ್ಟಾಪ್ ಎನ್‌ಸಿಐಐ' ಎಂಬ ಅಂತರರಾಷ್ಟ್ರೀಯ ಸೇವೆಯೂ ಇದೆ. ಅದು ನಿಮ್ಮ ಚಿತ್ರವನ್ನು ಕೇಳುವುದಿಲ್ಲ. ಚಿತ್ರದಿಂದ ತಯಾರಾದ ಒಂದು ಸಂಖ್ಯೆಯ ಗುರುತನ್ನಷ್ಟೇ ಕೂಡಿಕೊಂಡ ಕಂಪನಿಗಳಿಗೆ ಕೊಟ್ಟು, ಆ ಚಿತ್ರ ಅಲ್ಲಿ ಹರಡದಂತೆ ತಡೆಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು, ಎರಡೂ ಹೆಣ್ಣಿನ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವವರಿಗೆ, ಹಂಚುವವರಿಗೆ ಶಿಕ್ಷೆ ಹೇಳುತ್ತವೆ.

ತಾಯಂದಿರಿಗೆ ಒಂದು ವಿನಂತಿ. ಮಗಳು ಇಂಥ ಸಂಕಟ ಹೇಳಿಕೊಂಡು ಬಂದರೆ "ನೀ ಯಾಕ ಫೋಟೋ ಹಾಕಿದಿ?" ಎಂದು ಮೊದಲು ಕೇಳಬೇಡಿ. "ಹೆದರಬ್ಯಾಡ, ನಾನದೀನಿ" ಎನ್ನಿ. ಮುಂದಿನ ದಾರಿ ಆ ಒಂದು ಮಾತಿನಿಂದ ತೆರೆಯುತ್ತದೆ. ತಲೆತಗ್ಗಿಸಬೇಕಾದವನು ಚಿತ್ರ ಕೆಡಿಸಿದವನೇ ಹೊರತು ಚಿತ್ರದಲ್ಲಿರುವವಳಲ್ಲ.

ಈ ವಾರವೇ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸುತ್ತೇವೆ. ಮನೆಯಲ್ಲಿರುವ ಅತಿ ಹಳೆಯ ಫೋಟೋ ಒಂದರ ಪ್ರತಿ ತೆಗೆದು, ಹೆಸರು ಬರೆದು, ಇಬ್ಬರು ಬಂಧುಗಳಿಗೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಅವ್ವ, ಅತ್ತೆ, ದೊಡ್ಡವ್ವ, ಮನೆಯ ಹಿರಿಯ ಹೆಣ್ಣು ಯಾರೇ ಇರಲಿ, ತಲಬಾಗಿಲ ಬೆಳಕಿನಲ್ಲಿ ಕೂರಿಸಿ ಅವರೊಬ್ಬರದೇ ಫೋಟೋ ತೆಗೆಯಿರಿ. ಆಮೇಲೆ ಫೋನನ್ನು ಮಗಳ ಕೈಗೆ ಕೊಟ್ಟು ನೀವೂ ಅದೇ ಜಾಗದಲ್ಲಿ ಕುಳಿತುಕೊಳ್ಳಿ. ಕೈಯಲ್ಲಿ ಹಿಟ್ಟು ಇದ್ದರೂ ಪರವಾಗಿಲ್ಲ.